ಮೊದಲ ಗಾಡಿಗೆ ಎಷ್ಟು ಸಿಸಿ ಸಾಕು?

ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ಮೇಲೆ ಕೃಷ್ಣಾ ದಂಡೆಯ ಊರುಗಳಲ್ಲಿ ಮೊದಲು ತೀರುವುದು ಸೊಸೈಟಿ ಸಾಲ, ಆಮೇಲೆ ಗೊಬ್ಬರದಂಗಡಿಯ ಉದ್ರಿ. ಇವೆರಡೂ ಮುಗಿದು ಕೈಯಲ್ಲಿ ಒಂದಿಷ್ಟು ಉಳಿಯಿತೆಂದರೆ ಮನೆಯಲ್ಲಿ ಮಗನ ಗಾಡಿಯ ಮಾತು ಏಳುತ್ತದೆ. ದಿಗ್ಗೇವಾಡಿ, ಜಲಾಲಪುರ, ಭಿರಡಿ ಕಡೆ ಹದಿನೆಂಟು ತುಂಬಿದ ಹುಡುಗನಿರುವ ಮನೆಗಳಲ್ಲಿ ಇದು ವರ್ಷವರ್ಷದ ಮಾತು. ಅಪ್ಪ ಕೇಳುವುದು ‘ಎವರೇಜ್ ಎಷ್ಟ ಕೊಡತೈತಿ?’ ಮಗ ಕೇಳುವುದು ‘ಎಷ್ಟ ಸಿಸಿ ಐತಿ?’ ಗಾಡಿಯ ತೂಕ ಎಷ್ಟು, ಬ್ರೇಕ್ ಯಾವ ನಮೂನೆಯದು, ಸೀಟಿನ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ಎಟಕುತ್ತವೆಯೇ ಎಂದು ಕೇಳುವವರು ಕಡಿಮೆ. ಹೊಸದಾಗಿ ಗಾಡಿ ಹತ್ತುವವನ ಜೀವ ನಿಂತಿರುವುದು ಯಾರೂ ಕೇಳದ ಆ ಪ್ರಶ್ನೆಗಳ ಮೇಲೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳ್ಳಿಯಲ್ಲಿದ್ದುಕೊಂಡು ಮೊದಲ ಸಲ ಗೇರ್ ಗಾಡಿ ಹಿಡಿಯುವವರಿಗೆ 100ರಿಂದ 125 ಸಿಸಿ ಸಾಕು. ದಿನಾ ಹೆದ್ದಾರಿ ಹಿಡಿದು ಕಾಗಲದ ಎಂಐಡಿಸಿಗೋ ಕೊಲ್ಲಾಪುರಕ್ಕೋ ಹೋಗಿಬರುವವರು 150–160ರವರೆಗೆ ಏರಬಹುದು. ಅದಕ್ಕೂ ದೊಡ್ಡದು ಬೇಕೆಂದರೆ ಒಂದು ಮಳೆಗಾಲ, ಒಂದು ಕಬ್ಬಿನ ಹಂಗಾಮು ಗಾಡಿ ಹೊಡೆದು ಕೈ ಕುದುರಲಿ, ಆಮೇಲೆ ನೋಡೋಣ. ಹುಡುಗರಿಗೆ ಈ ಮಾತು ರುಚಿಸುವುದಿಲ್ಲ ಎಂಬುದು ಗೊತ್ತು. ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುವುದು ನನ್ನ ಕೆಲಸ.

ಸಿಸಿ ಎಂದರೆ ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಓಡುವಾಗ ಆಕ್ರಮಿಸುವ ಜಾಗ, ಘನ ಸೆಂಟಿಮೀಟರ್ ಲೆಕ್ಕದಲ್ಲಿ. ನಮ್ಮ ಊರಿನ ಓಣಿ ಓಣಿಯಲ್ಲೂ ನಿಂತಿರುವ ಸ್ಪ್ಲೆಂಡರನ್ನೇ ತೆಗೆದುಕೊಳ್ಳಿ. ಅದರ ಸಿಲಿಂಡರಿನ ಅಗಲ 50 ಮಿ.ಮೀ., ಪಿಸ್ಟನ್ ಓಡಾಡುವ ಉದ್ದ 49.5 ಮಿ.ಮೀ. ಗುಣಿಸಿದರೆ 97.2 ಸಿಸಿ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಲ್ಲಿ ಇದ್ದದ್ದೂ ಇದೇ ಅಳತೆ. 1994ರಲ್ಲಿ ಸ್ಪ್ಲೆಂಡರ್ ಬಂದಾಗಲೂ ಇದೇ, ಇವತ್ತಿಗೂ ಇದೇ. ಅದು ಕೊಡುವ ಶಕ್ತಿ ಸುಮಾರು 8 ಎಚ್‌ಪಿ.

ಇದೇ ಅಳತೆಯ ಇನ್ನೊಂದು ಗಾಡಿ ನಮ್ಮಲ್ಲಿ ಹೆಸರು ಮಾಡಿತ್ತು, ಯಮಾಹಾ ಆರ್‌ಎಕ್ಸ್ 100. ಅದರ ಸಿಲಿಂಡರ್ 50 ಮಿ.ಮೀ. ಅಗಲ, 50 ಮಿ.ಮೀ. ಉದ್ದ, 98 ಸಿಸಿ. ಸ್ಪ್ಲೆಂಡರಿಗೂ ಇದಕ್ಕೂ ಒಂದು ಸಿಸಿಯ ವ್ಯತ್ಯಾಸ. ಆದರೆ ಆರ್‌ಎಕ್ಸ್ ಕೊಡುತ್ತಿದ್ದದ್ದು 11 ಎಚ್‌ಪಿ. ಅದು ಟೂ ಸ್ಟ್ರೋಕ್, ಎಂಜಿನ್ ಸುತ್ತಿದ ಪ್ರತಿ ಸುತ್ತಿಗೂ ಒಮ್ಮೆ ಪೆಟ್ರೋಲ್ ಸಿಡಿಯುತ್ತಿತ್ತು. ಫೋರ್ ಸ್ಟ್ರೋಕ್ ಸ್ಪ್ಲೆಂಡರಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಹಾಲು ಹಾಕುವವರ ಟಿವಿಎಸ್ ಎಕ್ಸ್‌ಎಲ್ 100 ಇದೆಯಲ್ಲ, ಅದು 99.7 ಸಿಸಿ, ಲೆಕ್ಕದಲ್ಲಿ ಇವೆರಡಕ್ಕಿಂತ ದೊಡ್ಡದು. ಅದರ ಶಕ್ತಿ 4.4 ಎಚ್‌ಪಿ ಮಾತ್ರ. ಆದರೂ ಎರಡು ಕ್ಯಾನು ಹಾಲು ಹೇರಿಕೊಂಡು ಹೊಲದ ದಾರಿಯಲ್ಲಿ ನಿಧಾನವಾಗಿ ಎಳೆಯುವುದರಲ್ಲಿ ಅದನ್ನು ಮೀರಿಸುವ ಗಾಡಿ ಕಡಿಮೆ. ಎಂಜಿನ್ ಇನ್ನೂ ನಿಧಾನವಾಗಿ ಸುತ್ತುತ್ತಿರುವಾಗಲೇ ಅದರ ಪೂರ್ತಿ ಎಳೆತ ಕೈಗೆ ಸಿಗುವಂತೆ ಅದನ್ನು ಕಟ್ಟಿದ್ದಾರೆ. ಒಂದೇ 100 ಸಿಸಿ, ಮೂರು ಗಾಡಿ, ಮೂರು ಸ್ವಭಾವ.

ಮೇಲಿನ ದರ್ಜೆಯಲ್ಲಿ ಇದು ಇನ್ನೂ ಸ್ಪಷ್ಟ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸಿಲಿಂಡರಿನ ಅಗಲ 72 ಮಿ.ಮೀ. ಕೆಟಿಎಂ ಡ್ಯೂಕ್ 200ರದೂ ಸರಿಯಾಗಿ 72 ಮಿ.ಮೀ. ಕ್ಲಾಸಿಕ್‌ನಲ್ಲಿ ಪಿಸ್ಟನ್ 85.8 ಮಿ.ಮೀ. ಓಡುತ್ತದೆ, ಡ್ಯೂಕಿನಲ್ಲಿ 49 ಮಿ.ಮೀ. ಓಟ ಉದ್ದವಾದಷ್ಟೂ ಎಂಜಿನ್ ವೇಗವಾಗಿ ಸುತ್ತಲಾರದು, ಆದರೆ ಕಡಿಮೆ ಸುತ್ತಿನಲ್ಲೇ ಗಟ್ಟಿಯಾಗಿ ಎಳೆಯುತ್ತದೆ. ಓಟ ಗಿಡ್ಡವಾದರೆ ಸುತ್ತು ಹೆಚ್ಚು, ಶಕ್ತಿಯೆಲ್ಲ ಮೇಲಿನ ಸುತ್ತಿನಲ್ಲಿ. ಹಾಗಾಗಿ 349 ಸಿಸಿಯ ಕ್ಲಾಸಿಕ್ ನಿಮಿಷಕ್ಕೆ 6,100 ಸುತ್ತಿನಲ್ಲಿ 20 ಎಚ್‌ಪಿ ಕೊಟ್ಟರೆ, 199.5 ಸಿಸಿಯ ಡ್ಯೂಕ್ 10,000 ಸುತ್ತಿನಲ್ಲಿ 25 ಎಚ್‌ಪಿ ಕೊಡುತ್ತದೆ. ‘ಬರೇ 200 ಸಿಸಿ ಐತಿ ಬಿಡಪಾ, ಬುಲೆಟ್‌ಗಿಂತ ಸಣ್ಣದು’ ಎಂದು ಮಗ ಒಪ್ಪಿಸಿದರೆ ಅಪ್ಪ ಇದನ್ನು ನೆನಪಿಡಬೇಕು.

ಹೋಲಿಕೆ ಇನ್ನೂ ಚೆನ್ನಾಗಿ ತಿಳಿಯಬೇಕೆಂದರೆ ಮನೆ ಮುಂದಿನ ಟ್ರ್ಯಾಕ್ಟರ್ ನೋಡಿ. ಮಹೀಂದ್ರಾ 575ರ ಎಂಜಿನ್ 2,730 ಸಿಸಿ, 45 ಎಚ್‌ಪಿ. 2013ರಲ್ಲಿ ನಮ್ಮ ದೇಶಕ್ಕೆ ಬಂದಾಗ ಡ್ಯೂಕ್ 390ರ ಎಂಜಿನ್ 373 ಸಿಸಿ, ಶಕ್ತಿ 43 ಎಚ್‌ಪಿ ಇತ್ತು. ಕಬ್ಬು ತುಂಬಿದ ಟ್ರೇಲರುಗಳನ್ನು ಕಾರ್ಖಾನೆಯವರೆಗೆ ಎಳೆಯುವ ಯಂತ್ರದ ಶಕ್ತಿ, 170 ಕಿಲೋಗಿಂತ ಹಗುರವಾದ ಎರಡು ಗಾಲಿಯ ಮೇಲೆ, ಹದಿನೆಂಟು ವರ್ಷದ ಹುಡುಗನ ಬಲಗೈ ಮಣಿಕಟ್ಟಿನಲ್ಲಿ. ಟ್ರ್ಯಾಕ್ಟರ್ ಕಲಿಸುವಾಗ ಅಪ್ಪ ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ದಿನಗಟ್ಟಲೆ ಹೇಳಿಕೊಡುತ್ತಾನೆ. ಬೈಕಿನ ಚಾವಿ ಕೊಡುವಾಗ ತೆಂಗಿನಕಾಯಿ ಒಡೆದು, ಲಿಂಬೆಹಣ್ಣು ಗಾಲಿಗಿಟ್ಟು ಕಳಿಸಿಬಿಡುತ್ತಾನೆ.

ಹಾಗಾದರೆ ಸಿಸಿ ಬಿಟ್ಟು ಯಾವ ಲೆಕ್ಕ ನೋಡಬೇಕು? ಗಾಡಿಯ ತೂಕಕ್ಕೆ ಸವಾರನ ತೂಕ ಕೂಡಿಸಿ, ಅದನ್ನು ಎಚ್‌ಪಿಯಿಂದ ಭಾಗಿಸಿ ನೋಡಿ ಎನ್ನುತ್ತೇನೆ. ಹುಡುಗ 65 ಕಿಲೋ ಎಂದುಕೊಳ್ಳೋಣ. 112 ಕಿಲೋದ ಸ್ಪ್ಲೆಂಡರಿನಲ್ಲಿ ಒಂದು ಎಚ್‌ಪಿ ಹೊರಬೇಕಾದದ್ದು 22 ಕಿಲೋ. ಹೋಂಡಾ ಶೈನ್ 125ರಲ್ಲಿ 17 ಕಿಲೋ. ಪಲ್ಸರ್ 150ರಲ್ಲಿ 15. ಕ್ಲಾಸಿಕ್ 350ರಲ್ಲಿ 13. ಡ್ಯೂಕ್ 200ರಲ್ಲಿ 9. ಈ ಅಂಕಿ ಇಳಿದಷ್ಟೂ ಎಕ್ಸಲರೇಟರ್ ತಿರುವಿದ ಕೂಡಲೇ ಗಾಡಿ ಮುಂದಕ್ಕೆ ಹಾರುತ್ತದೆ. ನಿಂತಲ್ಲಿಂದ 60 ಕಿ.ಮೀ. ವೇಗ ಮುಟ್ಟಲು ಸ್ಪ್ಲೆಂಡರಿಗೆ ಏಳೆಂಟು ಸೆಕೆಂಡು ಬೇಕು. ಡ್ಯೂಕ್ 200 ಅದರ ಅರ್ಧ ಹೊತ್ತಿನಲ್ಲಿ ಅಲ್ಲಿರುತ್ತದೆ. ಕಲಿಯುವವನಿಗೆ ಆ ಉಳಿದ ನಾಲ್ಕು ಸೆಕೆಂಡು ಬಹಳ ದೊಡ್ಡದು. ಮುಂದೆ ಎಮ್ಮೆ ಅಡ್ಡ ಬಂತೇ, ಓಣಿಯಿಂದ ಸೈಕಲ್ ಬಂತೇ ಎಂದು ಕಣ್ಣು ನೋಡಿ, ತಲೆ ತಿಳಿದು, ಕೈ ತಿರುಗುವುದು ಅಷ್ಟರಲ್ಲೇ. ಮೊದಲ ಗಾಡಿಯಲ್ಲಿ ಈ ಅಂಕಿ 15ಕ್ಕಿಂತ ಕೆಳಗೆ ಇಳಿಯಬಾರದು. ಇದು ಸರ್ಕಾರದ ನಿಯಮವಲ್ಲ, ನಾನು ಹಾಕಿಕೊಂಡ ಗೆರೆ.

ಈಗ ನಮ್ಮ ರಸ್ತೆಗೆ ಬರೋಣ. ಕಂಪನಿಗಳ ಜಾಹೀರಾತಿನ ರಸ್ತೆ ಬೇರೆ, ಕುಡಚಿ, ಚಿಂಚಲಿ, ರಾಯಬಾಗ, ಅಂಕಲಿ ಕಡೆಯ ರಸ್ತೆ ಬೇರೆ. ನಮ್ಮದು ಎರೆಭೂಮಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊಲದಿಂದ ಹೊರಬೀಳುವ ಟ್ರ್ಯಾಕ್ಟರಿನ ಗಾಲಿ ಕಿಲೋಗಟ್ಟಲೆ ಎರೆಮಣ್ಣು ಹೊತ್ತು ತಂದು ಡಾಂಬರಿನ ಮೇಲೆ ಮೆತ್ತುತ್ತದೆ. ಅದರ ಮೇಲೆ ಬೆಳಗಿನ ಇಬ್ಬನಿ ಬಿದ್ದರೆ ಕಾಲಿಟ್ಟರೂ ಜಾರುತ್ತದೆ. ಜೊತೆಗೆ ಟ್ರೇಲರಿನಿಂದ ಜಾರಿದ ಕಬ್ಬಿನ ಗಳ, ಗಾಳಿಗೆ ಹಾರಿದ ರವದಿ. ಹುಡುಗನೊಬ್ಬ ಕಾಲೇಜಿಗೆ ತಡವಾಯಿತೆಂದು ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಹಿಂಡುತ್ತ ಈ ಜಾಗಕ್ಕೆ ಬಂದನೆನ್ನಿ. 8 ಎಚ್‌ಪಿಯ ಗಾಡಿಯಲ್ಲಿ ಹಿಂದಿನ ಗಾಲಿ ಅಬ್ಬಬ್ಬಾ ಎಂದರೆ ಒಮ್ಮೆ ಅಲುಗಿ ಮತ್ತೆ ಹಿಡಿತ ಸಿಗುತ್ತದೆ. 25 ಎಚ್‌ಪಿಯ ಗಾಡಿಯಲ್ಲಿ ಅದೇ ಹಿಂಡು ಹಿಂದಿನ ಗಾಲಿಯನ್ನು ಪಕ್ಕಕ್ಕೆ ಎಸೆಯುತ್ತದೆ. ಹೊಸಬ ಹೆದರುತ್ತಾನೆ. ಹೆದರಿದ ಕೈ ಎಕ್ಸಲರೇಟರನ್ನು ಥಟ್ಟನೆ ಬಿಟ್ಟು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿಯುತ್ತದೆ. ಮುಂದಿನ ಗಾಲಿ ಕೆಸರಿನಲ್ಲಿ ಸುತ್ತುವುದು ನಿಂತು, ಗಾಡಿ ಅವನನ್ನು ಕೆಳಗೆ ಹಾಕಿಕೊಂಡು ಜಾರುತ್ತದೆ. ತಪ್ಪು ಎರಡೂ ಕಡೆ ಒಂದೇ. ಸಣ್ಣ ಗಾಡಿ ಆ ತಪ್ಪನ್ನು ಕ್ಷಮಿಸುತ್ತದೆ.

ರಾತ್ರಿಯ ಮಾತು ಇನ್ನೂ ಗಂಭೀರ. ಕಬ್ಬಿನ ಟ್ರೇಲರಿಗೆ ಹಿಂದೆ ಕೆಂಪು ದೀಪ ಇರುವುದು ಅಪರೂಪ. ಹಂಗಾಮಿನ ಶುರುವಿನಲ್ಲಿ ಪೊಲೀಸರೂ ಕಾರ್ಖಾನೆಯವರೂ ರಿಫ್ಲೆಕ್ಟರ್ ಪಟ್ಟಿ ಹಚ್ಚುತ್ತಾರೆ, ಆದರೆ ಕೆಸರು ಸಿಡಿದ ಮೇಲೆ ಅದು ಕಾಣುವುದಿಲ್ಲ. ಎದುರಿನಿಂದ ಬರುವ ಜೀಪಿನ ಲೈಟು ಕಣ್ಣಿಗೆ ಹೊಡೆದರೆ ಮುಂದಿರುವ ಟ್ರೇಲರ್ ಇಲ್ಲವೇ ಇಲ್ಲ ಎನ್ನುವಷ್ಟು ಕತ್ತಲು. ಇಲ್ಲಿ ಒಂದು ಲೆಕ್ಕ ಎಲ್ಲರ ತಲೆಯಲ್ಲಿರಬೇಕು. 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ, ಒಣ ಡಾಂಬರಿನ ಮೇಲೆ ಪೂರ್ತಿ ನಿಲ್ಲಲು ಒಟ್ಟು ಸುಮಾರು 21 ಮೀಟರ್ ಬೇಕು. 60ರ ವೇಗದಲ್ಲಿ 40 ಮೀಟರ್. 80ರಲ್ಲಿ 63 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಜೋರು ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಈ ಏರಿಕೆ. ಲೈಟನ್ನು ಕೆಳಗೆ ಮಾಡಿಕೊಂಡು ಹೋಗುವಾಗ ಬೈಕಿನ ಬೆಳಕು 40–50 ಮೀಟರಿನಾಚೆ ಏನನ್ನೂ ತೋರಿಸುವುದಿಲ್ಲ. ಅಂದರೆ 80ರಲ್ಲಿ ಹೋಗುವ ಹುಡುಗ ಟ್ರೇಲರನ್ನು ಕಂಡ ಹೊತ್ತಿಗೆ ನಿಲ್ಲುವ ದಾರಿ ಮುಗಿದಿರುತ್ತದೆ. 100 ಸಿಸಿ ಗಾಡಿಯನ್ನು 80ಕ್ಕೆ ಏರಿಸಬೇಕಾದರೆ ಎಂಜಿನ್ ಕಿರುಚುತ್ತದೆ, ಹ್ಯಾಂಡಲ್ ನಡುಗುತ್ತದೆ, ಸವಾರನಿಗೆ ತಾನು ಜೋರಾಗಿ ಹೋಗುತ್ತಿದ್ದೇನೆಂಬುದು ಮೈಗೇ ಗೊತ್ತಾಗುತ್ತದೆ. ದೊಡ್ಡ ಗಾಡಿಯಲ್ಲಿ 80 ಎಂಬುದು ಸದ್ದೇ ಇಲ್ಲದೆ ಬಂದುಬಿಡುತ್ತದೆ. ಹೊಸಬನಿಗೆ ಇದೇ ಅಪಾಯ.

ಇದು ಬರೀ ಹೆದರಿಸುವ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029.

ಬ್ರೇಕಿನ ವಿಷಯದಲ್ಲಿ ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಸಂಗತಿ ಇದೆ, ಅದನ್ನು ಮುಚ್ಚಿಡಬಾರದು. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ 125 ಸಿಸಿ ದಾಟಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯ. 125ರವರೆಗಿನವಕ್ಕೆ ಸಿಬಿಎಸ್ ಇದ್ದರೆ ಸಾಕು. ಸಿಬಿಎಸ್ ಎಂದರೆ ಹಿಂದಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು. ಎಬಿಎಸ್ ಅದಕ್ಕಿಂತ ಮೇಲು: ಗಾಲಿ ಪೂರ್ತಿ ಕಟ್ಟಿಕೊಂಡು ಜಾರತೊಡಗುವ ಮುನ್ನವೇ ಬ್ರೇಕನ್ನು ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುತ್ತದೆ. ಹೆದ್ದಾರಿಯಲ್ಲಿ, ಒದ್ದೆ ಡಾಂಬರಿನಲ್ಲಿ ಇದು ಜೀವ ಉಳಿಸುತ್ತದೆ. 150–160 ಸಿಸಿಯವರೆಗೆ ನಾನು ಬಾಗಿಲು ತೆರೆದಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಆದರೆ ಸಡಿಲ ಗರಸಿನ ಮೇಲೆ, ದಪ್ಪ ಕೆಸರಿನಲ್ಲಿ ಎಬಿಎಸ್ ಪವಾಡ ಮಾಡುವುದಿಲ್ಲ. ಅಲ್ಲಿ ಗಾಡಿ ನಿಲ್ಲುವ ದೂರ ಇನ್ನೂ ಹೆಚ್ಚಾಗುವುದೂ ಉಂಟು.

ಯಾವ ಗಾಡಿಯಾದರೂ ಮುಂದಿನ ಬ್ರೇಕ್ ಬಳಸುವುದನ್ನು ಮಾತ್ರ ಕಲಿಯಲೇಬೇಕು. ‘ಮುಂದಿನ ಬ್ರೇಕ್ ಹಿಡೀಬ್ಯಾಡ, ಬೀಳತಿ’ ಎಂಬ ಮಾತು ನಮ್ಮಲ್ಲಿ ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಬಂದಿದೆ. ಅದು ಕೆಸರಿಗೂ ತಿರುವಿಗೂ ಸರಿ, ನೇರವಾದ ಒಣ ರಸ್ತೆಗೆ ತಪ್ಪು. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಡಿತ ಇರುವುದು ಮುಂದಿನ ಗಾಲಿಗೆ. ಹಿಂದಿನದನ್ನಷ್ಟೇ ತುಳಿದರೆ ಗಾಲಿ ಕಟ್ಟಿಕೊಂಡು ಗಾಡಿ ಬಾಲ ಬೀಸುತ್ತದೆ, ನಿಲ್ಲುವುದು ತಡವಾಗುತ್ತದೆ. ಶಾಲೆಯ ಬಯಲಿನಲ್ಲಿ, 20ರ ವೇಗದಲ್ಲಿ, ಎರಡೂ ಬ್ರೇಕನ್ನು ಒಟ್ಟಿಗೆ ಮೆಲ್ಲಗೆ ಬಿಗಿಯುತ್ತ ಹೋಗುವುದನ್ನು ಒಂದು ವಾರ ರೂಢಿ ಮಾಡಬೇಕು. ಇದು ಹಗುರ ಗಾಡಿಯಲ್ಲಿ ಬೇಗ ಬರುತ್ತದೆ. 195 ಕಿಲೋದ ಕ್ಲಾಸಿಕ್‌ನಲ್ಲಿ ಕಲಿಯುವವನ ಗಮನವೆಲ್ಲ ಅದನ್ನು ಬೀಳದಂತೆ ಹಿಡಿಯುವುದರಲ್ಲೇ ಹೋಗುತ್ತದೆ.

ತೂಕದ ಪರೀಕ್ಷೆಯನ್ನು ಶೋರೂಮಿನಲ್ಲೇ ಮಾಡಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಹಾಕಿ ಇಳಿಸಿ ನೋಡಲಿ. ಸೀಟಿನ ಮೇಲೆ ಕೂತು, ಎರಡೂ ಕಾಲಿನಿಂದ ನೆಲ ಒದ್ದು ಹಿಂದಕ್ಕೆ ತಳ್ಳಲಿ. ಸ್ಪ್ಲೆಂಡರಿನ ಸೀಟು ನೆಲದಿಂದ 785 ಮಿ.ಮೀ., ಕ್ಲಾಸಿಕ್‌ನದು 805, ಡ್ಯೂಕ್ 200ರದು 820ಕ್ಕೂ ಮೇಲೆ. ಕಾಗದದಲ್ಲಿ ಮೂರು ಬೆರಳಿನ ವ್ಯತ್ಯಾಸ. ಸೇತುವೆಯ ಏರಿನಲ್ಲಿ ಬಸ್ಸಿನ ಹಿಂದೆ ನಿಂತಾಗ, ಹಿಂದಿನ ಸೀಟಿನಲ್ಲಿ ಅವ್ವ ಕೂತಿರುವಾಗ, ಆ ಮೂರು ಬೆರಳು ಸಾಲದೆ ಗಾಡಿ ಪಕ್ಕಕ್ಕೆ ವಾಲುತ್ತದೆ. ಒಮ್ಮೆ ವಾಲಿದ ಭಾರದ ಗಾಡಿಯನ್ನು ಹೊಸಬ ತಡೆಯಲಾರ. 2019ರ ಆಗಸ್ಟಿನ ಮಹಾಪೂರ ಇಳಿದಾಗ ಕೃಷ್ಣಾ ದಂಡೆಯಲ್ಲಿ ರಸ್ತೆಯ ಮೇಲೆ ನಿಂತಿದ್ದ ರಾಡಿ ಕಂಡವರಿಗೆ ಗೊತ್ತು, ಅಲ್ಲಿ ಬಿದ್ದ ಗಾಡಿಯನ್ನು ಒಬ್ಬನೇ ಎತ್ತುವುದು ಎಂದರೆ ಏನು. ಒಬ್ಬನೇ ಎತ್ತಲಾಗದ ಗಾಡಿ ಮೊದಲ ಗಾಡಿಯಾಗಬಾರದು.

ಹಾಗೆಂದು ಎಲ್ಲರಿಗೂ 100 ಸಿಸಿ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಹುಡುಗರು ದಿನಾ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಲಾರಿಗಳೇ 60–70ರಲ್ಲಿ ಓಡುತ್ತವೆ. ಡಬಲ್ ಸೀಟ್ ಹಾಕಿಕೊಂಡು ತವಂದಿ ಘಾಟ್ ಏರುವ 100 ಸಿಸಿ ಗಾಡಿ ಮೂರನೇ ಗೇರಿಗೆ ಇಳಿದು ಏದುಸಿರು ಬಿಡುತ್ತದೆ, ಹಿಂದಿನ ಲಾರಿ ಹಾರ್ನ್ ಹೊಡೆಯುತ್ತ ಮೈಮೇಲೆ ಬರುತ್ತದೆ. ಅಂಥ ಕಡೆ ಶಕ್ತಿ ಕಡಿಮೆಯಾಗುವುದೂ ಅಪಾಯವೇ. ಇವರಿಗೆ 125 ಕನಿಷ್ಠ, 150–160 ಸರಿ. ಆದರೂ ಮೊದಲ ಒಂದೆರಡು ತಿಂಗಳು ಊರ ರಸ್ತೆಯಲ್ಲೇ ಕೈ ಕೂಡಲಿ. ರಾಯಬಾಗ, ಚಿಕ್ಕೋಡಿಯ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಗೇರಿಲ್ಲದ 110 ಸಿಸಿ ಸ್ಕೂಟರ್ ಒಳ್ಳೆಯ ಆಯ್ಕೆ. ಸೀಟು ತಗ್ಗು, ಕ್ಲಚ್ಚಿನ ಚಿಂತೆಯಿಲ್ಲ. ಆದರೆ ಅದರ ಗಾಲಿ ಸಣ್ಣದು, ತಗ್ಗಿನ ರಸ್ತೆಯಲ್ಲಿ ಬೇಗ ಹಾರುತ್ತದೆ. ಹೊಲದ ದಾರಿ ದಿನಾ ಇದ್ದವರಿಗೆ ದೊಡ್ಡ ಗಾಲಿಯ ಬೈಕೇ ಮೇಲು. ಹೆಣ್ಣುಮಕ್ಕಳು ಗೇರ್ ಗಾಡಿ ಕಲಿಯಲಾರರು ಎಂಬುದನ್ನು ನಾನು ಒಪ್ಪುವುದಿಲ್ಲ. 99 ಕಿಲೋದ ಶೈನ್ 100ನಂಥ ಹಗುರ ಗಾಡಿ ಸಿಗುವಾಗ ಆ ಮಾತಿಗೆ ಬೆಲೆಯಿಲ್ಲ.

ದುಡ್ಡಿನ ಲೆಕ್ಕವೂ ಸಣ್ಣ ಎಂಜಿನ್ನಿನ ಪರವಾಗಿಯೇ ಇದೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿಯವರೆಗೆ ಇದು 3,851 ರೂಪಾಯಿ. 150 ದಾಟಿ 350ರವರೆಗೆ 7,365. 350 ದಾಟಿದರೆ 15,117. ತೆರಿಗೆ ಬೇರೆ. ಅಂದರೆ 149.5 ಸಿಸಿಯ ಪಲ್ಸರಿಗೂ 155 ಸಿಸಿಯ ಆರ್15ಗೂ ಐದೂವರೆ ಸಿಸಿ ಅಂತರ, ವಿಮೆಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, 350 ದಾಟಿದವಕ್ಕೆ 40 ಆಯಿತು. ಬೆಲೆ ಇಳಿದದ್ದನ್ನೇ ನೆಪ ಮಾಡಿಕೊಂಡು ‘ಈಗ ಅಗ್ಗ ಆಗೇತಿ, ದೊಡ್ಡದ ತಗೋಳೂಣು’ ಎನ್ನುವ ಒತ್ತಾಯ ಮನೆಗಳಲ್ಲಿ ಹೆಚ್ಚಿದೆ. ಅಗ್ಗವಾದದ್ದು ಚಿಕ್ಕ ಗಾಡಿಯೂ ಹೌದು ಎಂಬುದನ್ನು ಮರೆಯಬಾರದು. ಇನ್ನು ಪೆಟ್ರೋಲು. ತಿಂಗಳಿಗೆ 900 ಕಿ.ಮೀ. ಓಡಾಟ ಎಂದರೆ, ಲೀಟರಿಗೆ 60 ಕೊಡುವ ಗಾಡಿಗೆ 15 ಲೀಟರ್, 33 ಕೊಡುವ ಗಾಡಿಗೆ 27 ಲೀಟರ್. ಬಿಲ್ಲು ಬರುವುದು ವರ್ಷಕ್ಕೊಮ್ಮೆಯಾದ ಮನೆಗೆ ಪ್ರತಿ ತಿಂಗಳ ಈ 12 ಲೀಟರ್ ಭಾರವೇ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಕಲಿಯುವುದು ಒಳ್ಳೆಯದು, ಗೀರು ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ನಮ್ಮಲ್ಲಿ ಕೆಎ–23ರ ಜೊತೆಗೆ ಸಾಂಗಲಿಯ ಎಂಎಚ್–10, ಕೊಲ್ಲಾಪುರದ ಎಂಎಚ್–09 ಗಾಡಿಗಳೂ ಬೇಕಾದಷ್ಟು ಓಡಾಡುತ್ತವೆ. ಗಡಿಯಾಚೆಯಿಂದ ಅಗ್ಗಕ್ಕೆ ತಂದವರು ಅಲ್ಲಿನ ಆರ್‌ಟಿಒ ಎನ್‌ಒಸಿ ಪಡೆದು, 12 ತಿಂಗಳೊಳಗೆ ಇಲ್ಲಿನ ನಂಬರ್ ಮಾಡಿಸಿಕೊಳ್ಳಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಆ ಖರ್ಚು ಕೂಡಿಸಿದ ಮೇಲೂ ಅಗ್ಗವೇ ಎಂದು ನೋಡಿ. ನದಿ ದಂಡೆಯ ಊರಿನ ಗಾಡಿಯಾದರೆ ಮಹಾಪೂರದಲ್ಲಿ ಮುಳುಗಿತ್ತೇ ಎಂದು ಕೇಳುವುದನ್ನು ಬಿಡಬೇಡಿ. ಸೀಟು ಬಿಚ್ಚಿಸಿ, ವಯರಿಂಗ್ ಜೋಡಣೆಗಳಲ್ಲಿ ಒಣಗಿದ ರಾಡಿ ಇದೆಯೇ ಎಂದು ಮೇಸ್ತ್ರಿಗೆ ತೋರಿಸಿ.

ಕಾನೂನು ಇಲ್ಲಿ ನಮ್ಮ ಕೈ ಹಿಡಿಯುವುದಿಲ್ಲ, ಅದು ನನಗೆ ದುಃಖದ ವಿಷಯ. ಹದಿನೆಂಟಕ್ಕೆ ಗೇರ್ ಇರುವ ಮೋಟರ್ ಸೈಕಲ್ಲಿನ ಲೈಸೆನ್ಸ್ ಸಿಕ್ಕಿತೆಂದರೆ 97 ಸಿಸಿಯನ್ನೂ ಹೊಡೆಯಬಹುದು, 1,000 ಸಿಸಿಯನ್ನೂ ಹೊಡೆಯಬಹುದು. ಯುರೋಪಿನ ದೇಶಗಳಲ್ಲಿ ಮೆಟ್ಟಿಲಿದೆ. ಮೊದಲ ಲೈಸೆನ್ಸಿಗೆ 125 ಸಿಸಿ, 11 ಕಿಲೋವ್ಯಾಟ್, ಅಂದರೆ 15 ಎಚ್‌ಪಿಯ ಮಿತಿ. ಎರಡನೆಯದಕ್ಕೆ 35 ಕಿಲೋವ್ಯಾಟ್. ಅದರಲ್ಲಿ ಎರಡು ವರ್ಷ ಕಳೆದ ಮೇಲೆ ಮಿತಿ ಇಲ್ಲದ ಲೈಸೆನ್ಸ್. ಡ್ಯೂಕ್ 390 ಅಲ್ಲಿ ಎರಡನೇ ಮೆಟ್ಟಿಲಿನ ಗಾಡಿ. ನಮ್ಮಲ್ಲಿ ಅದೇ ಗಾಡಿ ಲೈಸೆನ್ಸ್ ಸಿಕ್ಕ ಮರುದಿನ ಮನೆ ಮುಂದೆ ಬಂದು ನಿಲ್ಲಬಹುದು. ಇಂಥ ಮೆಟ್ಟಿಲು ನಮಗೂ ಬೇಕು. ಅದು ಬರುವವರೆಗೆ ಆ ಮೆಟ್ಟಿಲನ್ನು ಮನೆಯವರೇ ಕಟ್ಟಬೇಕು.

ಹದಿನೆಂಟು ತುಂಬದವರ ವಿಷಯದಲ್ಲಿ ಮಾತ್ರ ಕಾನೂನು ಬಿಗಿಯಾಗಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಹುಡುಗ ಗಾಡಿ ಹೊಡೆದು ಅಪರಾಧವಾದರೆ ಅಪ್ಪನಿಗೋ ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಡೇರಿತನಾ ಹೋಗಿ ಬಾ’ ಎಂದು ಒಂಬತ್ತನೇ ಇಯತ್ತೆಯ ಮಗನ ಕೈಗೆ ಚಾವಿ ಕೊಡುವವರು ಇದನ್ನು ಓದಿಕೊಳ್ಳಬೇಕು.

ಹಬ್ಬದ ಪಾಡ್ಯಕ್ಕೋ, ಬಿಲ್ಲು ಬಂದ ಮೇಲೋ ಗಾಡಿ ತರಲು ಹೊರಟ ಅಪ್ಪಂದಿರಲ್ಲಿ, ಕಾಕಾ–ಮಾಮಂದಿರಲ್ಲಿ ನನ್ನದೊಂದು ಕಳಕಳಿಯ ಮನವಿ. ಮಗನ ಗೆಳೆಯನ ಬಳಿ ಯಾವ ಗಾಡಿ ಇದೆ ಎಂದು ನೋಡಿ ಸಿಸಿ ಆರಿಸಬೇಡಿ. ಚಿಕ್ಕ ಗಾಡಿಯಿಂದ ಉಳಿದ ದುಡ್ಡಿನಲ್ಲಿ ಐಎಸ್‌ಐ ಗುರುತಿನ ಎರಡು ಗಟ್ಟಿ ಹೆಲ್ಮೆಟ್ ತನ್ನಿ, ಒಂದು ಮಗನಿಗೆ, ಇನ್ನೊಂದು ಅವನ ಹಿಂದೆ ಕೂರುವ ನಿಮಗೆ. ಅಷ್ಟಲ್ಲದೆ, ಹೊಸ ದ್ವಿಚಕ್ರ ವಾಹನ ಮಾರುವಾಗ ಐಎಸ್‌ಐ ಹೆಲ್ಮೆಟ್ ಒಂದನ್ನು ಜೊತೆಗೆ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿಯೇ ಇದೆ. ಶೋರೂಮಿನಲ್ಲಿ ಅದನ್ನು ಕೇಳಿ ಪಡೆಯಿರಿ.